ಪಿಪಿಗೆ ಎಟಿಎಚ್ ಹಾಕಿದರೆ ಗುಳ್ಳೆ ಬರುತ್ತಿದೆ, ವಿ-0 ತಲುಪೋದು ಹೇಗೆ?

ಪೀಣ್ಯ ಮೋಲ್ಡರ್:
ನಮ್ಮದು ಚಿಕ್ಕ ಇಂಜೆಕ್ಷನ್ ಮೋಲ್ಡಿಂಗ್ ಘಟಕ. ಗ್ರಾಹಕರೊಬ್ಬರು ಜಂಕ್ಷನ್ ಬಾಕ್ಸ್ ಕೇಳಿದ್ದಾರೆ. ಪಾಲಿಪ್ರೊಪಿಲೀನ್ (ಪಿಪಿ) ಪ್ಲಾಸ್ಟಿಕ್‌ನಲ್ಲೇ ಆಗಬೇಕು, 1.6 ಮಿ.ಮೀ. ದಪ್ಪದಲ್ಲಿ ಯುಎಲ್-94 ವಿ-0 (ಪ್ಲಾಸ್ಟಿಕ್‌ನ ಬೆಂಕಿ ಪರೀಕ್ಷೆಯ ಒಂದು ಬಿಗಿಯಾದ ದರ್ಜೆ) ಪಾಸಾಗಬೇಕು. ಅಗ್ಗಕ್ಕೆ ಸಿಗುತ್ತೆ ಅಂತ ಬೆಂಕಿ ತಡೆಯುವ ಪುಡಿ ಎಟಿಎಚ್, ಅಂದರೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, 30 ಪರ್ಸೆಂಟ್ ಇರುವ ಕಾಂಪೌಂಡ್ ತರಿಸಿದೆವು. ಪ್ಲಾಸ್ಟಿಕ್ ಕರಗಿಸುವ ಬ್ಯಾರೆಲ್ 230 ಡಿಗ್ರಿ. ಪೀಸ್ ಮೇಲೆಲ್ಲ ಬೆಳ್ಳಿ ಗೆರೆ, ಕತ್ತರಿಸಿದರೆ ಒಳಗೆ ಗುಳ್ಳೆ. ಲೈಟರ್ ಹಿಡಿದರೆ ಉರಿಯುತ್ತಲೇ ತೊಟ್ಟಿಕ್ಕುತ್ತದೆ. ಚೆನ್ನಾಗಿ ಒಣಗಿಸಿಯೇ ಹಾಕಿದ್ದು. ಏನು ಮಾಡೋದು?

ಕಾಂಪೌಂಡರ್:
ಎಷ್ಟು ಒಣಗಿಸಿದರೂ ಪ್ರಯೋಜನವಿಲ್ಲ. ಆ ನೀರು ಹೊರಗಿನ ತೇವ ಅಲ್ಲ, ಎಟಿಎಚ್ ಒಡೆದಾಗ ಹುಟ್ಟುವಂಥದ್ದು. 200 ಡಿಗ್ರಿ ದಾಟುತ್ತಿದ್ದ ಹಾಗೆ ಅದು ಅಲ್ಯೂಮಿನಾ ಮತ್ತು ನೀರಾವಿಯಾಗಿ ಬಿಡಿಸಿಕೊಳ್ಳುತ್ತದೆ, ತೂಕದಲ್ಲಿ ಸುಮಾರು 35 ಪರ್ಸೆಂಟ್ ನೀರಾಗಿಯೇ ಹೋಗುತ್ತದೆ. ಬೆಂಕಿ ಬಿದ್ದಾಗ ಅದರ ಕೆಲಸವೂ ಇದೇ: ಒಡೆಯುವಾಗ ಶಾಖ ಹೀರುತ್ತದೆ, ಆವಿ ಉರಿಯುವ ಅನಿಲವನ್ನು ತೆಳುವಾಗಿಸುತ್ತದೆ, ಉಳಿದ ಅಲ್ಯೂಮಿನಾ ಮೇಲೆ ಪದರವಾಗಿ ಕೂರುತ್ತದೆ. ನಿಮ್ಮಲ್ಲಿ ಆ ಕೆಲಸ ಬ್ಯಾರೆಲ್‌ನಲ್ಲೇ ಶುರುವಾಗಿದೆ.

ಮೆಗ್ನೀಸಿಯಂ ಹೈಡ್ರಾಕ್ಸೈಡ್ 300 ಡಿಗ್ರಿವರೆಗೂ ತಡೆಯುತ್ತದೆ, ಹಾಗಾಗಿ ಗುಳ್ಳೆ ನಿಲ್ಲುತ್ತದೆ. ಆದರೆ ಎರಡರಲ್ಲಿ ಯಾವುದಾದರೂ 60 ಪರ್ಸೆಂಟ್ ಆಸುಪಾಸು ಬೇಕು, ಅಷ್ಟು ಪುಡಿ ತುಂಬಿದರೆ ನಿಮ್ಮ ಬಾಕ್ಸಿನ ಸ್ನ್ಯಾಪ್ ಲಾಕ್ ಒತ್ತಿದ ಕೂಡಲೇ ಮುರಿಯುತ್ತದೆ. ಕೇಬಲ್ ಹೊದಿಕೆಯಲ್ಲಿ ಇವು ನಡೆಯುತ್ತವೆ, ಅಲ್ಲಿ ಇವಿಎ ಥರದ ಮೆತ್ತನೆ ಪಾಲಿಮರ್ ಇರುತ್ತದೆ, ಕಡಿಮೆ ಬಿಸಿಯಲ್ಲೇ ಓಡುತ್ತದೆ.

ಟೂಲ್‌ರೂಮ್:
ಸುಮ್ನೆ ಯಾಕೆ ತಲೆಬಿಸಿ? ಬ್ರೋಮಿನ್ ಗ್ರೇಡ್ ತಗೊಳ್ಳಿ, ಜೊತೆಗೆ ಆಂಟಿಮನಿ. ಇಷ್ಟೆಲ್ಲ ತುಂಬಬೇಕಾಗಿಲ್ಲ, ವಿ-0 ಬರುತ್ತದೆ.

ಕಾಂಪೌಂಡರ್:
ಬರುತ್ತದೆ, ಒಪ್ಪಿದೆ. ಬೆಂಕಿಯಲ್ಲಿ ಹೈಡ್ರೋಜನ್ ಬ್ರೋಮೈಡ್ ಹೊರಬಂದು, ಜ್ವಾಲೆಯನ್ನು ಮುಂದುವರಿಸುವ ಚುರುಕು ಕಣಗಳಾದ ಹೈಡ್ರೋಜನ್ ಮತ್ತು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹಿಡಿದು ಸುಮ್ಮನಾಗಿಸುತ್ತದೆ. ಆಂಟಿಮನಿ ಟ್ರೈಆಕ್ಸೈಡ್ ಒಂದೇ ಹಾಕಿದರೆ ಹೆಚ್ಚೇನೂ ಆಗಲ್ಲ. ಬ್ರೋಮಿನ್ ಜೊತೆ ಸೇರಿದಾಗ ಟ್ರೈಬ್ರೋಮೈಡ್ ಆವಿಯಾಗಿ ಜ್ವಾಲೆಯೊಳಗೇ ಹೋಗುತ್ತದೆ, ಆಮೇಲೆ ನೋಡಿ ಅದರ ಶಕ್ತಿ.

ಆದರೆ ಯಾವ ಬ್ರೋಮಿನ್ ಅಂತ ಬರಹದಲ್ಲಿ ಕೇಳಿ. ಡೆಕಾಬಿಡಿಇ ಅನ್ನುವ ಬ್ರೋಮಿನ್ ರಾಸಾಯನಿಕ 2017ರಲ್ಲೇ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದೆ. ಅದು ಸೇರಿದ ಗುಂಪಾದ ಪಿಬಿಡಿಇಗಳಿಗೆ ನಮ್ಮ ಇ-ತ್ಯಾಜ್ಯ ನಿಯಮದ ಮಿತಿ 0.1 ಪರ್ಸೆಂಟ್. ಅಗ್ಗದ ಕಪ್ಪು ಮರುಬಳಕೆ ಗ್ರ್ಯಾನ್ಯೂಲ್ ಬೆರೆಸುವವರಿಗೆ ಇದು ಜಾಸ್ತಿ ಅನ್ವಯ, ಹಳೇ ಟಿವಿ ಕ್ಯಾಬಿನೆಟ್ಟುಗಳ ಬ್ರೋಮಿನ್ ಅದರಲ್ಲಿ ಉಳಿದಿರುತ್ತದೆ. ಇನ್ನು ಆಂಟಿಮನಿ ಬೆಲೆ, 2024ರಲ್ಲಿ ಚೀನಾ ರಫ್ತಿಗೆ ಕಡಿವಾಣ ಹಾಕಿದ ಮೇಲೆ ಹೇಗೆ ಏರಿತು ಅಂತ ಎಲ್ಲರೂ ನೋಡಿದ್ದೇವೆ ಅಲ್ವಾ?

ನಾನಾದರೆ ಇಂಟ್ಯೂಮೆಸೆಂಟ್, ಅಂದರೆ ಬಿಸಿಗೆ ಊದಿಕೊಳ್ಳುವ ಗ್ರೇಡ್ ಆರಿಸುತ್ತೇನೆ. ಅಮೋನಿಯಂ ಪಾಲಿಫಾಸ್ಫೇಟ್ (ಎಪಿಪಿ), ಪೆಂಟಾಎರಿಥ್ರಿಟಾಲ್, ಮೆಲಮೈನ್, ಎಲ್ಲ ಸೇರಿ 25-30 ಪರ್ಸೆಂಟ್. ಬಿಸಿಗೆ ಫಾಸ್ಫೇಟ್ ಆಮ್ಲವಾಗಿ ಪೆಂಟಾದಿಂದ ನೀರು ಕಿತ್ತುಕೊಳ್ಳುತ್ತದೆ, ಇಂಗಾಲ ಉಳಿಯುತ್ತದೆ, ಮೆಲಮೈನ್ ಬಿಡುವ ಅನಿಲ ಅದನ್ನು ಊದಿಸುತ್ತದೆ. ಲೈಟರ್ ಹಿಡಿದರೆ ಆ ಜಾಗದಲ್ಲಿ ಕಪ್ಪು ನೊರೆ ಪೂರಿಯ ಹಾಗೆ ಉಬ್ಬುತ್ತದೆ, ಬೆಂಕಿ ಆರುತ್ತದೆ, ತೊಟ್ಟಿಕ್ಕುವುದಿಲ್ಲ. ವಿ-0ಗೆ ಅದೇ ಮುಖ್ಯ. ಪ್ರತಿ ಸಲ 10 ಸೆಕೆಂಡಿನೊಳಗೆ ಆರಬೇಕು, ಉರಿಯುವ ಹನಿ ಬಿದ್ದು ಕೆಳಗಿನ ಹತ್ತಿ ಹೊತ್ತಿದರೆ ಫೇಲ್. ಬ್ಯಾರೆಲ್ 220ರ ಒಳಗಿರಲಿ.

ಪೀಣ್ಯ ಮೋಲ್ಡರ್:
ತುಂಬಾ ಉಪಕಾರವಾಯಿತು. ಬಾಕ್ಸ್ ಬಿಳಿ ಬಣ್ಣದ್ದು. ಈಗಿರುವ ವೈಟ್ ಮಾಸ್ಟರ್‌ಬ್ಯಾಚನ್ನೇ (ಬಣ್ಣ ಕೊಡುವ ಕಾಳು) ಹಾಕಬಹುದಾ? ಮಳೆಗೆ ಬಿದ್ದರೆ?

ಕಾಂಪೌಂಡರ್:
ಮಾಸ್ಟರ್‌ಬ್ಯಾಚಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆಯಾ ಅಂತ ಮೊದಲು ಕೇಳಿ, ಅಗ್ಗದ್ದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಫಾಸ್ಫೇಟಿನ ಆಮ್ಲವನ್ನು ಅದು ತಿಂದುಹಾಕುತ್ತದೆ, ನೊರೆ ಸರಿಯಾಗಿ ಏಳುವುದಿಲ್ಲ. ಪೂರ್ತಿ ಟೈಟಾನಿಯಂ ಡೈಆಕ್ಸೈಡಿನದ್ದೇ ತಗೊಳ್ಳಿ. ಮಳೆಗೆ ಒಡ್ಡಿಕೊಳ್ಳುವ ಬಾಕ್ಸ್ ಆದರೆ ಲೇಪನ ಇರುವ ಎಪಿಪಿ ಬೇಕು ಅಂತ ಹೇಳಿ, ಇಲ್ಲದಿದ್ದರೆ ಫಾಸ್ಫೇಟ್ ನೀರಿಗೆ ಕರಗಿ ಮೇಲೆ ಅಂಟಂಟಾಗುತ್ತದೆ. ಬಣ್ಣ ಹಾಕಿದ ಪೀಸನ್ನೇ ಟೆಸ್ಟಿಗೆ ಕಳಿಸಿ, ಬಣ್ಣವಿಲ್ಲದ್ದನ್ನಲ್ಲ.