ಧ್ಯಾನಕ್ಕೆ ಕೂರುವ ಮೊದಲು ಏನು ಮಾಡಬೇಕು, ಯಾವ ಕ್ರಮದಲ್ಲಿ?

ಕುಂಜಿಬೆಟ್ಟಿನಿಂದ ಪ್ರಶ್ನೆ:
ಪ್ರಾಯ 46. ಇಡೀ ದಿನ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಬೆಳಿಗ್ಗೆ ಧ್ಯಾನಕ್ಕೆ ಕೂತರೆ ಹತ್ತು ನಿಮಿಷದೊಳಗೆ ಎಡಗಾಲು ಜೋಮು ಹಿಡಿಯುತ್ತದೆ, ಬೆನ್ನು ಬಾಗುತ್ತದೆ, ಅದಿಲ್ಲದಿದ್ದರೆ ತೂಕಡಿಕೆ. ಯಾವ ಆಸನ, ಯಾವ ಪ್ರಾಣಾಯಾಮ ಮಾಡಿ ಕೂರಬೇಕು? ಗೊತ್ತಿದ್ದವರು ತಿಳಿಸಿ.

ಕದ್ರಿಯಿಂದ:
ಆಸನದ ಪಟ್ಟಿ ಆಮೇಲೆ, ಮೊದಲು ಕೂರುವ ಎತ್ತರ ಸರಿಮಾಡಿ. ಕುರ್ಚಿಯಲ್ಲೇ ದಿನ ಕಳೆದರೆ ತೊಡೆಸಂದು ಬಿಗಿಯುತ್ತದೆ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿದಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ಉಳಿದು, ಸೊಂಟ ಹಿಂದಕ್ಕೆ ಉರುಳಿ, ಬೆನ್ನು ಗೂನಾಗುತ್ತದೆ. ಮನಸ್ಸಿಗೆ ದೋಷ ಕೊಡಬೇಡಿ, ಪಾಪ ಅದು ಬೆನ್ನನ್ನು ಹಿಡಿದು ನಿಲ್ಲಿಸುವುದರಲ್ಲೇ ಸುಸ್ತಾಗಿರುತ್ತದೆ.

ಜಮಖಾನ ಮಡಚಿ ಮೂರ್ನಾಲ್ಕು ಇಂಚು ಎತ್ತರ ಮಾಡಿ, ಅದರ ಮುಂದಿನ ಅಂಚಿಗೆ ಕೂತುಕೊಳ್ಳಿ. ಕುಂಡೆಯ ಎಲುಬು ಮಾತ್ರ ಜಮಖಾನದ ಮೇಲೆ, ತೊಡೆ ಹೊರಗೆ. ಅಂಚು ತೊಡೆಯ ಅಡಿಯನ್ನು ಒತ್ತಿದರೆ ನರ ಅದುಮಿ ಜೋಮು ಬರುವುದು. ಮೊಣಕಾಲು ನೆಲ ಮುಟ್ಟದಿದ್ದರೆ ಕೆಳಗೆ ಬೈರಾಸು (ಟವೆಲ್) ಮಡಚಿಡಿ. ಹಿಮ್ಮಡಿಯ ಗಂಟು ನೆಲಕ್ಕೆ ಒತ್ತಿದರೆ ಅಲ್ಲಿಗೂ ಒಂದು. ಯಾವ ಕಾಲು ಮೇಲೆ ಎಂಬುದನ್ನು ದಿನ ಬಿಟ್ಟು ದಿನ ಬದಲಿಸಿ.

ಸ್ವಸ್ತಿಕಾಸನ, ಅಂದರೆ ಪಾದಗಳನ್ನು ತೊಡೆ-ಮೀನಖಂಡಗಳ ನಡುವೆ ಸಿಕ್ಕಿಸಿ ಕೂರುವ ಚಕ್ಕಳಮಕ್ಕಳ, ಧಾರಾಳ ಸಾಕು. ಪದ್ಮಾಸನಕ್ಕೆ ಕಾಲು ತಿರುಗಬೇಕಾದ್ದು ತೊಡೆಸಂದಿನಲ್ಲಿ. ಅಲ್ಲಿ ತಿರುಗದಿದ್ದಾಗ ಕೈಯಿಂದ ಎಳೆದು ಕೂರಿಸಿದರೆ ಆ ತಿರುಚು ಮೊಣಕಾಲಿಗೆ ಬೀಳುತ್ತದೆ. ಮೊಣಕಾಲಿನ ಒಳಬದಿಯಲ್ಲಿ ಚುಚ್ಚಿದರೆ ತಕ್ಷಣ ಬಿಡಿ. ಪತಂಜಲಿ ಆಸನಕ್ಕೆ ಕೇಳಿದ್ದು ಎರಡೇ: ಸ್ಥಿರ, ಸುಖ.

ಮಣಿಪಾಲದಿಂದ:
ಕದ್ರಿಯವರು ಹೇಳಿದ್ದು ಸರಿ. ಆದರೆ ಜಮಖಾನ ಬಿಗಿತವನ್ನು ಸಡಿಲಿಸುವುದಿಲ್ಲ, ಅದಕ್ಕೆ ಆಸನವೇ ಬೇಕು. ಸೂರ್ಯನಮಸ್ಕಾರ ಮೊದಲಿಗೆ, ನಿಧಾನವಾಗಿ ನಾಲ್ಕು ಸುತ್ತು. ಅದನ್ನು ಕೊನೆಗೆ ಮಾಡಿದರೆ ಎದೆಬಡಿತ ಏರಿರುವಾಗಲೇ ಧ್ಯಾನಕ್ಕೆ ಕೂತಂತಾಗುತ್ತದೆ. ನಂತರ ಭುಜಂಗಾಸನ (ಬೋರಲು ಮಲಗಿ ಎದೆ ಎತ್ತುವುದು) ಮೂರು ಸಲ, ಪ್ರತಿ ಸಲ ಐದು ಉಸಿರು. ಕೈಯ ಬಲ ಕಡಿಮೆ ಬಳಸಿ, ಬೆನ್ನಿನಿಂದಲೇ ಏಳಿ. ನೆಟ್ಟಗೆ ಕೂರಿಸುವುದು ಆ ಸ್ನಾಯುಗಳೇ.

ಬದ್ಧಕೋಣಾಸನ (ಅಂಗಾಲು ಜೋಡಿಸಿ, ಮೊಣಕಾಲು ಬದಿಗೆ ಬಿಟ್ಟು ಕೂರುವುದು) ಎರಡು ನಿಮಿಷ, ಅದೇ ಜಮಖಾನದ ಮೇಲೆ. ಮೊಣಕಾಲನ್ನು ಕುಪ್ಪಳಿಸುವುದು, ಕೈಯಿಂದ ಒತ್ತುವುದು ಬೇಡ. ಹಠ ಮಾಡಿದಷ್ಟೂ ಸ್ನಾಯು ಮತ್ತೆ ಬಿಗಿಯುತ್ತದೆ. ಜಾನುಶೀರ್ಷಾಸನ (ಒಂದು ಕಾಲು ಚಾಚಿ, ಇನ್ನೊಂದು ಮಡಚಿ, ಚಾಚಿದ ಕಾಲಿನ ಕಡೆಗೆ ಬಾಗುವುದು) ಒಂದೊಂದು ಬದಿಗೆ ಒಂದು ನಿಮಿಷ, ಸೊಂಟದಿಂದ ಬಾಗಿ. ಹಣೆ ಮೊಣಕಾಲಿಗೆ ತಾಗಲೇಬೇಕೆಂದಿಲ್ಲ. ಕೂತು ಬೆನ್ನು ತಿರುಚುವ ವಕ್ರಾಸನ ಎರಡೂ ಬದಿಗೆ. ಕೊನೆಗೆ ಅಂಗಾತ ಮಲಗಿ ಹತ್ತು ನಿಮಿಷ ಶವಾಸನ.

ಬಿಜೈಯಿಂದ:
ಹತ್ತು ನಿಮಿಷದ ಶವಾಸನಕ್ಕೆ ನನ್ನ ಒಪ್ಪಿಗೆ ಇಲ್ಲ. ತೂಕಡಿಕೆ ಇರುವವರಿಗೆ ಮೂರು ನಿಮಿಷ ಸಾಕು, ಹೆಚ್ಚಾದರೆ ಆ ಮಂಪರು ಧ್ಯಾನಕ್ಕೂ ಬರುತ್ತದೆ. ಎದ್ದು ಕೂತು ಕಪಾಲಭಾತಿ (ಹೊಟ್ಟೆ ಒಳಗೆಳೆದು ಮೂಗಿನಿಂದ ಉಸಿರನ್ನು ರಭಸದಿಂದ ಹೊರಹಾಕುವುದು), 30 ಹೊಡೆತದಂತೆ ಎರಡು ಸುತ್ತು. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ ಇದ್ದವರು, ಗರ್ಭಿಣಿಯರು ಇದನ್ನು ಬಿಡಬೇಕು.

ಮತ್ತೆ ನಾಡಿಶುದ್ಧಿ (ಎರಡು ಹೊಳ್ಳೆಗಳಲ್ಲಿ ಸರದಿಯಂತೆ ಉಸಿರಾಡುವುದು), ಒಂಬತ್ತು ಸುತ್ತು. ತೋರುಬೆರಳು, ನಡುಬೆರಳು ಮಡಚಿ. ಹೆಬ್ಬೆರಳು ಬಲ ಹೊಳ್ಳೆಗೆ, ಉಂಗುರಬೆರಳು ಎಡಕ್ಕೆ. ಎಣಿಕೆ ನಾಲ್ಕಕ್ಕೆ ಒಳಗೆ, ಎಂಟಕ್ಕೆ ಹೊರಗೆ. ಮುಂದಿನ ಉಸಿರನ್ನು ಗಬಕ್ಕನೆ ಎಳೆಯಬೇಕೆನಿಸಿದರೆ ಎಣಿಕೆ ಉದ್ದವಾಗಿದೆ, ಮೂರು-ಆರಕ್ಕೆ ಇಳಿಸಿ. ಆರಂಭದ ತಿಂಗಳುಗಳಲ್ಲಿ ಕುಂಭಕ (ಉಸಿರು ಕಟ್ಟಿ ಹಿಡಿಯುವುದು) ಬೇಡವೇ ಬೇಡ. ಹೆಚ್ಚಿನವರು ತಪ್ಪುವುದು ಬಲ ಮೊಣಕೈಯಲ್ಲಿ: ಅದು ಸೋತು ಜೋತುಬಿದ್ದರೆ ಬಲ ಭುಜ ಇಳಿದು, ನೆಟ್ಟಗಾದ ಬೆನ್ನು ಪುನಃ ಓರೆಯಾಗುತ್ತದೆ. ಕೊನೆಗೆ ಐದು ಭ್ರಾಮರಿ, ಅಂದರೆ ದುಂಬಿಯಂತೆ ಗುಂಯ್‌ಗುಡುತ್ತಾ ಉಸಿರು ಬಿಡುವುದು.

ನಾಥಪಂಥದ ಹಠಯೋಗದಲ್ಲೂ ಆಸನ, ಕುಂಭಕ (ಇಲ್ಲಿ ಪ್ರಾಣಾಯಾಮ ಎಂದೇ ಅರ್ಥ), ಮುದ್ರೆ, ಆಮೇಲೆ ನಾದಾನುಸಂಧಾನ (ಒಳಗಿನ ನಾದಕ್ಕೆ ಮನಸ್ಸು ಕೊಡುವ ಧ್ಯಾನ) ಎಂಬುದೇ ಕ್ರಮ. ಜೋಗಿ ಮಠ ಇರುವ ಕದ್ರಿಯವರಿಗೆ ಇದನ್ನು ನಾನು ಹೇಳಬೇಕಿಲ್ಲ. ಉಸಿರು ಚಲಿಸಿದರೆ ಚಿತ್ತವೂ ಚಲಿಸುತ್ತದೆ ಎನ್ನುತ್ತದೆ ಅದೇ ಪರಂಪರೆಯ ಗ್ರಂಥ ಹಠಯೋಗಪ್ರದೀಪಿಕೆ. ಹಾಗಾಗಿ ಭ್ರಾಮರಿ ಮುಗಿದ ಮೇಲೆ ಏಳಬೇಡಿ, ಮೊಬೈಲ್ ನೋಡಬೇಡಿ, ಕೂತಲ್ಲೇ ಧ್ಯಾನಕ್ಕೆ ಹೋಗಿ.

ಮಲ್ಪೆಯಿಂದ:
ನಮ್ಮ ಕರಾವಳಿಯ ಹವೆಗೆ ಎರಡು ಮಾತು. ಏಪ್ರಿಲ್, ಮೇಯಲ್ಲಿ ಬೆವರಿದ ಬೆನ್ನಿಗೆ ನೇರ ಫ್ಯಾನ್ ಗಾಳಿ ಬೇಡ. ಒರೆಸಿ, ಒಣ ಅಂಗಿ ಹಾಕಿ ಕೂತುಕೊಳ್ಳಿ. ಮಳೆಗಾಲದಲ್ಲಿ ನೆಲವೇ ಬೆವರುವುದರಿಂದ ರಬ್ಬರ್ ಚಾಪೆ ಜಾರುತ್ತದೆ, ಒರೆಸಿಯೇ ಹಾಸಬೇಕು.

ಮೂಗು ಕಟ್ಟಿದ ದಿನ ನಾಡಿಶುದ್ಧಿಗೆ ಒದ್ದಾಡಬೇಡಿ, ಭ್ರಾಮರಿ ಮಾತ್ರ ಮಾಡಿ. ಜಲನೇತಿ (ಒಂದು ಹೊಳ್ಳೆಯಿಂದ ಉಪ್ಪುನೀರು ಬಿಟ್ಟು ಇನ್ನೊಂದರಿಂದ ಇಳಿಸುವುದು) ಮಾಡುವುದಾದರೆ ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರೇ ಆಗಬೇಕು, ಅರ್ಧ ಲೀಟರಿಗೆ ಒಂದು ಸಣ್ಣ ಚಮಚ ಉಪ್ಪು. ಉಪ್ಪು ಕಡಿಮೆಯಾದರೆ ಮೂಗು ಉರಿಯುತ್ತದೆ. ಮುಗಿದ ಮೇಲೆ ಮುಂದೆ ಬಾಗಿ ಮೆಲ್ಲನೆ ಉಸಿರು ಬಿಟ್ಟು ನೀರು ಪೂರ್ತಿ ಇಳಿಸಿ, ಒಳಗೆ ಉಳಿದರೆ ತಲೆನೋವು. ರಾತ್ರಿ ತಡವಾಗಿ ಉಂಡ ಕುಚ್ಚಲಕ್ಕಿ ಅನ್ನ ಬೆಳಗಿನ ಜಾವಕ್ಕೂ ಹೊಟ್ಟೆಯಲ್ಲಿ ಭಾರವೇ. ತೂಕಡಿಕೆಗೆ ಅದೂ ಕಾರಣ ಇರಬಹುದು, ನೋಡಿಕೊಳ್ಳಿ.

ಕುಂಜಿಬೆಟ್ಟಿನಿಂದ:
ತುಂಬಾ ಉಪಕಾರ ಆಯಿತು. ಆದರೆ ಒಟ್ಟು 40 ನಿಮಿಷವೇ ಸಿಗುವುದು ಮಾರಾಯ್ರೆ. ಯಾವುದನ್ನು ಬಿಡಲಿ?

ಕದ್ರಿಯಿಂದ:
ಸೂರ್ಯನಮಸ್ಕಾರ ಎರಡು ಸುತ್ತಿಗೆ ಇಳಿಸಿ, ವಕ್ರಾಸನ ಬಿಡಿ. ಬದ್ಧಕೋಣಾಸನ, ಭುಜಂಗಾಸನ ಬಿಡಬೇಡಿ. ಆಸನಕ್ಕೆ 15, ಪ್ರಾಣಾಯಾಮಕ್ಕೆ 10, ಧ್ಯಾನಕ್ಕೆ 15. ಎರಡು ವಾರ ಜೋಮು ಬಾರದೆ ಕೂತ ಮೇಲೆ ಧ್ಯಾನಕ್ಕೆ ಎರಡೆರಡು ನಿಮಿಷ ಸೇರಿಸುತ್ತಾ ಹೋಗಿ. ಜೋಮು ಹಿಡಿದ ದಿನ ಗಡಿಬಿಡಿಯಲ್ಲಿ ಎದ್ದು ನಿಲ್ಲಬೇಡಿ, ಪಾದ ಉಳುಕುತ್ತದೆ. ಕಾಲು ಚಾಚಿ, ಬೆರಳು ಆಡಿಸಿ, ಪಾದಕ್ಕೆ ಸ್ಪರ್ಶ ಪೂರ್ತಿ ತಿಳಿದ ಮೇಲೆಯೇ ಏಳಿ.