ಕಬುಕಿ ದೆವ್ವದ ಮರದಚ್ಚು ಚಿತ್ರ: ನೋಡಬೇಕಾದದ್ದು ದೆವ್ವವನ್ನೋ, ನಟನನ್ನೋ?

ಚಿತ್ರಕಲಾ ವಿದ್ಯಾರ್ಥಿನಿ:
ಜಪಾನಿನ ಒಸಾಕಾದ ಚಿತ್ರಕಾರ ಹೊಕುಎಯಿ ಕಬುಕಿ ಎಂಬ ಅಲ್ಲಿಯ ಸಾಂಪ್ರದಾಯಿಕ ನಾಟಕವೊಂದರ ಮೇಲೆ 1832ರಲ್ಲಿ ಮಾಡಿದ ಚಿತ್ರವನ್ನು ತರಗತಿಯಲ್ಲಿ ತೋರಿಸಿದರು. ಹರಿದ ಗೂಡುದೀಪವೇ ಹೆಂಗಸಿನ ಮುಖವಾಗಿದೆ, ಒಂದು ಕಣ್ಣು ಜೋತುಬಿದ್ದಿದೆ. ಅದಕ್ಕೆದುರಾಗಿ ಅವಳ ಗಂಡ ಇಯೆಮೊನ್. ಇದನ್ನು ನಟರ ಚಿತ್ರಗಳ ಸಾಲಿಗೆ ಏಕೆ ಸೇರಿಸುತ್ತಾರೆ? ಇದು ರಂಗದಲ್ಲಿ ನಡೆದದ್ದೋ, ಚಿತ್ರಕಾರನ ಕಲ್ಪನೆಯೋ?

ಮರದಚ್ಚು ಕೆತ್ತುವವನು:
ಎರಡೂ. ದಯವಿಟ್ಟು ಒಮ್ಮೆ ದೆವ್ವವನ್ನು ಬಿಟ್ಟು ಗಂಡನ ಮುಖ ನೋಡಿ. ಆತ ಎರಡನೆಯ ಅರಾಶಿ ರಿಕಾನ್ (ಒಂದೇ ಹೆಸರನ್ನು ಒಬ್ಬರ ನಂತರ ಒಬ್ಬರು ಹೊರುವುದರಿಂದ ಈ ಎಣಿಕೆ), ಒಸಾಕಾದ ಜನ ಮೆಚ್ಚಿದ ನಟ. ಚಿತ್ರ ಕೊಳ್ಳುತ್ತಿದ್ದವರಿಗೆ ಆ ಮುಖದ ಗುರುತಿತ್ತು, ಅವರು ಕಾಸು ಕೊಟ್ಟದ್ದೇ ಅದಕ್ಕಾಗಿ.

ಈ ಚಿತ್ರಕ್ಕೆ ಆಧಾರವಾದ ನಾಟಕ ನಾಲ್ಕನೆಯ ತ್ಸುರುಯಾ ನಾನ್‌ಬೊಕು ಬರೆದದ್ದು, ಎಡೊ (ಇಂದಿನ ಟೋಕಿಯೊ) ನಗರದಲ್ಲಿ 1825ರಲ್ಲಿ ಮೊದಲು ರಂಗಕ್ಕೇರಿತು. ಇಯೆಮೊನ್‌ನ ಹೆಂಡತಿ, ಬಾಣಂತಿ ಒಯಿವಾಗೆ ನೆರೆಮನೆಯವರು ಔಷಧಿಯೆಂದು ಕಳಿಸಿದ್ದು ವಿಷ. ಮುಖ ವಿಕಾರವಾಗುತ್ತದೆ, ಬಾಚಿದಷ್ಟೂ ಕೂದಲು ಕಿತ್ತುಬರುತ್ತದೆ. ಆ ಪಾತ್ರ ಮಾಡಿದ್ದು ಗಂಡಸು, ಮೂರನೆಯ ಒನೊಯೆ ಕಿಕುಗೊರೊ. ಉರಿಯುವ ಗೂಡುದೀಪದೊಳಗಿಂದ ದೆವ್ವ ಹೊರಬರುವ ತಂತ್ರ 1831ರಲ್ಲಿ ಸೇರಿಕೊಂಡಿತು. ರಂಗದಲ್ಲಿ ನಟ ದೀಪದಿಂದ ಹೊರಬಂದರೆ, ಹೊಕುಎಯಿ ದೀಪವನ್ನೇ ಮುಖ ಮಾಡಿದ. ಕಾಗದದ ಹರಿದ ಅಂಚು ಬಾಯಿಯಾಗುವ ಆ ಜಾಗವನ್ನು ನಾನು ಎಷ್ಟು ನೋಡಿದರೂ ಸಾಲದು.

ನಾಟಕದಲ್ಲಿ ಇನ್ನೊಂದು ದೃಶ್ಯವಿದೆ. ಇಯೆಮೊನ್ ಹೆಂಡತಿಯ ಹೆಣವನ್ನೂ ಆಳು ಕೊಹೆಯಿಯ ಹೆಣವನ್ನೂ ಬಾಗಿಲಿನ ಹಲಗೆಯೊಂದರ ಎರಡು ಬದಿಗೆ ಮೊಳೆ ಹೊಡೆಸಿ ನದಿಗೆ ತಳ್ಳಿಸುತ್ತಾನೆ. ಮುಂದೊಂದು ದಿನ ಅವನು ಮೀನು ಹಿಡಿಯುವಲ್ಲಿಗೇ ಹಲಗೆ ತೇಲಿಬರುತ್ತದೆ. ಒಂದು ಬದಿಯಲ್ಲಿ ಒಯಿವಾ; ಮಗುಚಿದರೆ ಕೊಹೆಯಿ. ಎರಡೂ ಪಾತ್ರ ಒಬ್ಬನೇ ನಟನದು! ಚಿತ್ರಕಾರ ಕುನಿಸದಾ ಇದನ್ನು ಅಚ್ಚಿಗಿಳಿಸಿದಾಗ ಚಿತ್ರದ ಮೇಲೆ ಪುಟ್ಟ ಕಾಗದದ ಮಡಿಕೆ ಅಂಟಿಸುವಂತೆ ಮಾಡಿದ. ಅದನ್ನೆತ್ತಿದರೆ ಒಂದು ಹೆಣ ಹೋಗಿ ಇನ್ನೊಂದು ಬರುತ್ತದೆ. ನಾಟಕ ನೋಡಿದವನು ಮನೆಯಲ್ಲಿ ಕುಳಿತು ತನ್ನ ಬೆರಳಿನಿಂದಲೇ ಆ ತಂತ್ರವನ್ನು ಮತ್ತೆ ನಡೆಸಬಹುದಿತ್ತು.

ನಾಟಕಪ್ರಿಯ:
ದೆವ್ವಗಳೆಲ್ಲ ಮೋಸಹೋದ ಹೆಂಗಸರೇ?

ಮರದಚ್ಚು ಕೆತ್ತುವವನು:
ಅಲ್ಲ. ಚಿತ್ರಕಾರ ಕುನಿಯೋಶಿಯ 1851ರ ಅಸಾಕುರಾ ತೋಗೊ ಚಿತ್ರ ಹುಡುಕಿ. ತೆರಿಗೆಯ ಭಾರ ತಾಳಲಾರದ ರೈತರ ಪರವಾಗಿ ದೇಶದ ಸೇನಾ ಆಡಳಿತಗಾರ ಶೋಗುನನಿಗೇ ಅಹವಾಲು ಕೊಟ್ಟು, ಅದಕ್ಕಾಗಿ ಶಿಲುಬೆಗೇರಿದ ಊರ ಮುಖ್ಯಸ್ಥನ ಕಥೆಯದು. ಸತ್ತವನು ದೆವ್ವವಾಗಿ, ಆ ತೆರಿಗೆ ಹೇರಿದ ಊರ ಒಡೆಯನ ಮನೆಗೇ ಬರುತ್ತಾನೆ. ಆ ಪಾತ್ರದಲ್ಲಿ ನಾಲ್ಕನೆಯ ಇಚಿಕಾವಾ ಕೊದಾನ್‌ಜಿ. ನನಗೆ ಒಯಿವಾಗಿಂತ ಇವನೇ ಹೆಚ್ಚು ಕಾಡುತ್ತಾನೆ, ಏಕೆಂದರೆ ಅವನ ಸಿಟ್ಟು ಇಡೀ ಊರಿನದು.

ಚಿತ್ರಕಲಾ ವಿದ್ಯಾರ್ಥಿನಿ:
ಮೇಕಪ್ಪಿನಡಿಯಲ್ಲಿ ನಟ ಯಾರೆಂದು ಗುರುತಿಸುವುದು ಹೇಗೆ?

ಮರದಚ್ಚು ಕೆತ್ತುವವನು:
ಮೂಗು, ದವಡೆ ನೋಡಿ. ಎಷ್ಟೇ ವಿಕಾರ ಮಾಡಿದರೂ ಚಿತ್ರಕಾರರು ಅವನ್ನು ಸಾಮಾನ್ಯವಾಗಿ ಬಿಟ್ಟುಕೊಡುತ್ತಿರಲಿಲ್ಲ. ಉಡುಪಿನ ಮೇಲೆ ನಟನ ಮನೆತನದ ಲಾಂಛನವಿದ್ದರೆ ಇನ್ನೂ ಸುಲಭ. ಆದರೆ 1842ರ ಸುಧಾರಣೆಯಲ್ಲಿ ಸರ್ಕಾರ ನಟರ ಚಿತ್ರಗಳನ್ನೇ ನಿಷೇಧಿಸಿತ್ತು. ಅದಾದ ಮೇಲಿನ ಕೆಲವು ವರ್ಷಗಳ ಹಾಳೆಗಳಲ್ಲಿ ನಟನ ಹೆಸರು ಸಿಗುವುದಿಲ್ಲ, ಅಲ್ಲಿ ಮುಖವೇ ಆಧಾರ.