ಮುಳುಗಿದ ವೆಸ್ಟ್ ವರ್ಜೀನಿಯಾ ಮತ್ತೆ ಯುದ್ಧಕ್ಕೆ ಹೋದದ್ದು ಹೇಗೆ?

ಪ್ರಶ್ನೆ: ಹಡಗು ರಿಪೇರಿ ಗೊತ್ತಿರುವವರು ಹೇಳಿ. 1941ರ ಡಿಸೆಂಬರ್ 7ರಂದು ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆ ಮೇಲೆ ಜಪಾನ್ ದಿಢೀರ್ ದಾಳಿ ಮಾಡಿದಾಗ ಅಮೆರಿಕದ ವೆಸ್ಟ್ ವರ್ಜೀನಿಯಾ ಎಂಬ ಯುದ್ಧನೌಕೆ ಮುಳುಗಿತು ಅಂತ ಓದಿದೆ. ಅದೇ ಹಡಗು 1944ರಲ್ಲಿ ಯುದ್ಧ ಮಾಡಿತಂತೆ. ಎರಡೂ ನಿಜ ಇರೋಕೆ ಸಾಧ್ಯವಾ?

ಉತ್ತರ: ಎರಡೂ ನಿಜ. ನಾನು ಹಡಗು ರಿಪೇರಿ ಯಾರ್ಡಿನಲ್ಲಿ ಇಂಜಿನಿಯರ್. ನಮ್ಮ ಲೆಕ್ಕದಲ್ಲಿ ಮುಳುಗುವುದರಲ್ಲೂ ಎರಡು ಬಗೆ. ನೆಟ್ಟಗೆ ಕೂರುವುದು, ಮಗುಚಿ ಬೀಳುವುದು.

ಈ ಹಡಗಿನ ಎಡಬದಿಗೆ ಏಳರಷ್ಟು ಟಾರ್ಪಿಡೊ (ನೀರಿನೊಳಗೆ ಸಾಗಿ ಸಿಡಿಯುವ ಅಸ್ತ್ರ) ಬಡಿದವು. ಹಡಗು ಎಡಕ್ಕೆ ವಾಲತೊಡಗಿತು. ಆಗ ಕ್ಲಾಡ್ ರಿಕೆಟ್ಸ್ ಎಂಬ ಲೆಫ್ಟಿನೆಂಟ್ ಬಲಬದಿಯ ಕೋಣೆಗಳಿಗೂ ಬೇಕೆಂದೇ ನೀರು ಬಿಡಿಸಿದರು. ಮುಳುಗುವ ಹಡಗಿಗೆ ಇನ್ನಷ್ಟು ನೀರಾ ಅಂತ ಅನಿಸಬಹುದು. ಆದರೆ ತಕ್ಕಡಿ ಸಮವಾಯಿತು, ಹಡಗು ನೆಟ್ಟಗೆ ಇಳಿದು ತಳದಲ್ಲಿ ಕೂತಿತು. ಬಂದರಿನ ಆಳವೂ ಕಡಿಮೆ, ಸುಮಾರು 12 ಮೀಟರ್. ಪಕ್ಕದಲ್ಲೇ ಇದ್ದ ಓಕ್ಲಹೋಮ ಮಗುಚಿಬಿತ್ತು. ಅದನ್ನೂ ಮೇಲೆತ್ತಿದರು, ಆದರೆ ಅದು ಮತ್ತೆ ಸೇವೆಗೆ ಬರಲೇ ಇಲ್ಲ.

ಪ್ರಶ್ನೆ: ಸರಿ, ಅಷ್ಟು ದೊಡ್ಡ ತೂತು ಇಟ್ಟುಕೊಂಡು ತೇಲಿಸಿದ್ದು ಹೇಗೆ? ಕ್ರೇನ್ ಹಾಕಿದರಾ?

ಉತ್ತರ: 30 ಸಾವಿರ ಟನ್ನಿಗೂ ಜಾಸ್ತಿ ತೂಕ, ಎತ್ತುವ ಮಾತೇ ಇಲ್ಲ! ಹೊರಗಿನಿಂದ ಮರ, ಉಕ್ಕಿನ ದೊಡ್ಡ ದೊಡ್ಡ ತೇಪೆ ಹಾಕಿದರು. ಮುಳುಗುಗಾರರು ಕೆಳಗಿಳಿದು ಅವನ್ನು ಕೂರಿಸಿದರು. ತೇಪೆಯ ಬುಡಕ್ಕೆ ನೀರಿನೊಳಗೇ ಕಾಂಕ್ರೀಟ್ ಸುರಿದರು. ಆಮೇಲೆ ಪಂಪು. ಒಳಗಿನ ನೀರು ಹೊರಗೆ ಹೋದಂತೆ ಹಡಗು ತಾನೇ ಎದ್ದಿತು. 1942ರ ಮೇ 17ಕ್ಕೆ ತೇಲಿತು, ಜೂನ್ 9ಕ್ಕೆ ಡ್ರೈ ಡಾಕ್ (ನೀರು ಖಾಲಿ ಮಾಡಿ ಹಡಗಿನ ತಳ ರಿಪೇರಿ ಮಾಡುವ ಕಟ್ಟೆ) ಸೇರಿತು.

ನಡುವೆ ಮನಸ್ಸು ಕಲಕುವ ಒಂದು ಸಂಗತಿ ಸಿಕ್ಕಿತು. ನೀರು ನುಗ್ಗದ ಒಂದು ಕೋಣೆಯಲ್ಲಿ ಮೂವರು ನಾವಿಕರ ಶವಗಳಿದ್ದವು. ಅಲ್ಲಿದ್ದ ಕ್ಯಾಲೆಂಡರಿನಲ್ಲಿ ಡಿಸೆಂಬರ್ 23ರವರೆಗೂ ಗುರುತು ಹಾಕಿತ್ತು.

ರಿಪೇರಿಯಲ್ಲಿ ಎಲ್ಲಕ್ಕಿಂತ ತಲೆನೋವು ಯಾವುದು ಗೊತ್ತಾ? ಇದು ವಿದ್ಯುತ್ ಮೋಟಾರಿನಿಂದ ಓಡುವ ಹಡಗು. ಉಪ್ಪುನೀರು ಕುಡಿದ ಮೋಟಾರು, ಜನರೇಟರು. ಬೋರ್‌ವೆಲ್ ಮೋಟಾರು ಸುಟ್ಟಾಗ ರೀವೈಂಡಿಂಗ್ ಮಾಡಿಸುತ್ತೀರಲ್ವಾ, ಅದೇ ಕೆಲಸ, ದೈತ್ಯ ಗಾತ್ರದಲ್ಲಿ. ಆಮೇಲೆ ಅಮೆರಿಕದ ಬ್ರೆಮರ್ಟನ್ನಿನಲ್ಲಿ ಹಡಗನ್ನು ಹೆಚ್ಚುಕಡಿಮೆ ಹೊಸದಾಗಿಯೇ ಕಟ್ಟಿದರು.

ಪ್ರಶ್ನೆ: ಇಷ್ಟೆಲ್ಲ ಮಾಡಿದ್ದಕ್ಕೆ ಲಾಭ ಆಯ್ತಾ?

ಉತ್ತರ: ನನ್ನ ಅಭಿಪ್ರಾಯ ಕೇಳಿದರೆ, ಯುದ್ಧದ ಗತಿ ಬದಲಿಸಿದ್ದು ವಿಮಾನವಾಹಕ ನೌಕೆಗಳು, ಇಂಥ ಫಿರಂಗಿ ಹಡಗುಗಳಲ್ಲ. ಆದರೆ 1944ರ ಅಕ್ಟೋಬರ್ 25ರ ನಸುಕಿನಲ್ಲಿ, ಫಿಲಿಪೈನ್ಸಿನ ಸುರಿಗಾವ್ ಜಲಸಂಧಿಯಲ್ಲಿ, ಕಗ್ಗತ್ತಲಲ್ಲಿ ಸುಮಾರು 21 ಕಿ.ಮೀ. ದೂರದಿಂದ ಅಮೆರಿಕದ ಬ್ಯಾಟಲ್‌ಶಿಪ್‌ಗಳ (ದೊಡ್ಡ ಫಿರಂಗಿಯ ಭಾರಿ ಯುದ್ಧನೌಕೆಗಳ) ಪೈಕಿ ಜಪಾನಿನ ನೌಕೆಗಳ ಮೇಲೆ ಮೊದಲು ಗುಂಡು ಹಾರಿಸಿದ್ದು ಇದೇ. ಒಟ್ಟು 93 ದೊಡ್ಡ ಗುಂಡು. ಮರುಕಟ್ಟುವಾಗ ಹೊಸ ರೇಡಾರ್ ಹಾಕಿದ್ದರಿಂದ ಇದು ಆಯಿತು. ಅದೇ ಸಾಲಿನಲ್ಲಿ ಪೆನ್ಸಿಲ್ವೇನಿಯಾ ಎಂಬ ಹಡಗು ಕೂಡ ಇತ್ತು. ಪರ್ಲ್ ಹಾರ್ಬರಿನಲ್ಲಿ ಅದಕ್ಕೆ ಆಗಿದ್ದು ಸಣ್ಣ ಪೆಟ್ಟು. ಹಳೇ ರೇಡಾರ್ ಇಟ್ಟುಕೊಂಡಿದ್ದ ಅದಕ್ಕೆ ಗುರಿಯೇ ಸಿಗಲಿಲ್ಲ, ಆ ರಾತ್ರಿ ದೊಡ್ಡ ಫಿರಂಗಿಯಿಂದ ಒಂದು ಗುಂಡನ್ನೂ ಹಾರಿಸಲಿಲ್ಲ.